ಅಮ್ಮ ಕಾಯುತ್ತಿದ್ದಾಳೆ: ದುರಂತ ನಾಟಕದಲ್ಲಿ ತಾಯಿಯ ತಪ್ಪು, ಮಗನ ಪಾಡು

ಕವಿ, ವಿಮರ್ಶಕ ಟಿ.ಎಸ್. ಎಲಿಯಟ್ 1919ರಲ್ಲಿ ಷೇಕ್ಸ್‌ಪಿಯರ್‌ನ ಹ್ಯಾಮ್ಲೆಟ್ ನಾಟಕದ ಬಗ್ಗೆ ಒಂದು ಚಿಕ್ಕ ಪ್ರಬಂಧ ಬರೆದ. ಆಗಿನ್ನೂ ಮೂವತ್ತರ ಆಸುಪಾಸಿನ ವಯಸ್ಸು. ಮುನ್ನೂರು ವರ್ಷದಿಂದ ಜನ ತಲೆಯ ಮೇಲೆ ಹೊತ್ತು ಮೆರೆಸಿದ್ದ ನಾಟಕವನ್ನು ಎತ್ತಿಕೊಂಡು, ಕಲಾಕೃತಿಯಾಗಿ ಇದು ಸೋತಿದೆ ಎಂದುಬಿಟ್ಟ. ಅದಕ್ಕೆ ಅವನು ಕೊಟ್ಟ ಕಾರಣವೇ ಇವತ್ತಿನ ನಮ್ಮ ವಿಷಯ. ತಾಯಿಯ ಅಪರಾಧ ಮಗನ ಮೇಲೆ ಏನು ಪರಿಣಾಮ ಮಾಡಿತು ಎಂಬುದೇ ಈ ನಾಟಕದ ಹೂರಣ, ಆದರೆ ರಂಗದ ಮೇಲೆ ನಮಗೆ ಕಾಣುವ ತಾಯಿ ಮಗನ ಹೇಸಿಗೆಯ ಭಾರ ಹೊರುವಷ್ಟು ದೊಡ್ಡವಳಲ್ಲ ಎಂದ. ಭಾವಕ್ಕೆ ತಕ್ಕ ವಸ್ತು ಇರಬೇಕು, ಇಲ್ಲಿ ಭಾವ ವಸ್ತುವನ್ನು ಮೀರಿ ಚೆಲ್ಲಿಹೋಗಿದೆ ಎಂದ. ನವ್ಯದ ಕಾಲದಲ್ಲಿ ನಮ್ಮ ವಿಮರ್ಶಕರ ಬಾಯಲ್ಲೆಲ್ಲ ಓಡಾಡಿದ ‘ವಸ್ತು ಪ್ರತಿರೂಪ’ ಎಂಬ ಮಾತು ಬಂದದ್ದು ಈ ಪ್ರಬಂಧದಿಂದಲೇ.

ನಾನು ಬಹಳ ವರ್ಷ ಎಲಿಯಟ್ ಪಕ್ಷದಲ್ಲಿದ್ದೆ. ಈಗ ಇಲ್ಲ. ಅವನು ಕಂಡದ್ದು ಸರಿ, ಕೊಟ್ಟ ತೀರ್ಪು ಸರಿಯಲ್ಲ ಅಂತ ಅನ್ನಿಸುತ್ತದೆ. ತಾಯಿಯ ತಪ್ಪಿಗೂ ಮಗನ ಸಂಕಟಕ್ಕೂ ಅಳತೆ ಕೂಡುವುದಿಲ್ಲ ಎಂಬುದು ನಾಟಕದ ದೋಷವಲ್ಲ, ನಾಟಕ ಇರುವುದೇ ಅದರ ಬಗ್ಗೆ.

ಮೊದಲು ಹ್ಯಾಮ್ಲೆಟ್‌ನ ತಾಯಿ, ಡೆನ್ಮಾರ್ಕಿನ ರಾಣಿ ಗರ್ಟ್ರೂಡ್ ಮಾಡಿದ್ದೇನು ಅಂತ ನೋಡೋಣ. ಗಂಡ ಸತ್ತ. ಗಂಡನ ತಮ್ಮ ಕ್ಲಾಡಿಯಸ್‌ನನ್ನು ಬೇಗನೆ ಮದುವೆಯಾದಳು. ಇಷ್ಟು ಖಚಿತ. ಆ ಗಂಡನನ್ನು ಕೊಂದವನು ಕ್ಲಾಡಿಯಸ್ಸೇ. ಆ ಕೊಲೆ ಅವಳಿಗೆ ಗೊತ್ತಿತ್ತೆ? ಗಂಡ ಬದುಕಿರುವಾಗಲೇ ಸಂಬಂಧವಿತ್ತೆ? ಸತ್ತ ರಾಜನ ಪ್ರೇತ ಕ್ಲಾಡಿಯಸ್‌ನನ್ನು ‘ವ್ಯಭಿಚಾರಿ ಮೃಗ’ ಎನ್ನುತ್ತದೆ ನಿಜ, ಆದರೆ ಕೊಲೆಗೆ ಮುಂಚಿನ ಮಾತೋ ನಂತರದ್ದೋ ಬಿಡಿಸಿ ಹೇಳುವುದಿಲ್ಲ. ಷೇಕ್ಸ್‌ಪಿಯರ್‌ಗಿಂತ ಮುಂಚೆ ಇದೇ ಕಥೆಯನ್ನು ಫ್ರೆಂಚ್‌ನಲ್ಲಿ ಬರೆದ ಬೆಲ್‌ಫೊರೆ, ಹಾದರ ಕೊಲೆಗಿಂತ ಮೊದಲೇ ನಡೆದಿತ್ತು ಎಂದು ಸ್ಪಷ್ಟವಾಗಿ ಬರೆದಿದ್ದಾನೆ. ಷೇಕ್ಸ್‌ಪಿಯರ್ ಆ ಸ್ಪಷ್ಟತೆಯನ್ನು ಅಳಿಸಿಹಾಕಿದ.

ಇನ್ನೊಂದು ಸ್ವಾರಸ್ಯ ಕೇಳಿ. ಹ್ಯಾಮ್ಲೆಟ್ ನಾಟಕಕ್ಕೆ ಮೂರು ಹಳೆಯ ಪಾಠಗಳಿವೆ: 1603ರ ಕ್ವಾರ್ಟೊ (ಚಿಕ್ಕ ಆಕಾರದ ಅಚ್ಚು ಪುಸ್ತಕ), 1604–05ರ ಕ್ವಾರ್ಟೊ, 1623ರ ಫೋಲಿಯೊ (ದೊಡ್ಡ ಆಕಾರದ್ದು). ಮೊದಲನೆಯದು ಹರಕು ಮುರುಕು. ಅದರ ಒಂದು ಪ್ರತಿ ಸಿಕ್ಕಿದ್ದೇ 1823ರಲ್ಲಿ. ಆ ಹರಕು ಪಾಠದಲ್ಲಿ ರಾಣಿ ದೇವರ ಮೇಲೆ ಆಣೆಯಿಟ್ಟು ಈ ಘೋರ ಕೊಲೆ ನನಗೆ ಗೊತ್ತೇ ಇರಲಿಲ್ಲ ಎನ್ನುತ್ತಾಳೆ, ಸೇಡಿಗೆ ಮಗನ ಜೊತೆ ನಿಲ್ಲುತ್ತೇನೆ ಎಂದು ಮಾತನ್ನೂ ಕೊಡುತ್ತಾಳೆ. ನಾವು ಓದುವ ನಾಟಕದಲ್ಲಿ ಆ ಆಣೆ ಇಲ್ಲ. ಮಗ ‘ರಾಜನನ್ನು ಕೊಂದು ಅವನ ತಮ್ಮನನ್ನು ಮದುವೆಯಾದಷ್ಟೇ ಕೆಟ್ಟದ್ದು’ ಎಂದಾಗ ಅವಳ ಬಾಯಿಂದ ಬರುವುದು ‘ರಾಜನನ್ನು ಕೊಂದು!’ ಎಂಬ ಉದ್ಗಾರ ಮಾತ್ರ. ಬೆಚ್ಚಿದಳೇ, ಸಿಕ್ಕಿಬಿದ್ದಳೇ? ನಟಿ ಹೇಗೆ ಹೇಳುತ್ತಾಳೋ ಹಾಗೆ. ನಾನು ಬೆಚ್ಚಿದಳು ಎಂದೇ ಓದುತ್ತೇನೆ.

ಒಟ್ಟಿನಲ್ಲಿ ಉಳಿಯುವುದು ಮದುವೆ, ಅದರ ಅವಸರ. ಅಂದಿನ ಪ್ರೇಕ್ಷಕನಿಗೆ ಇನ್ನೊಂದು ವಿಷಯ ಚುಚ್ಚುತ್ತಿತ್ತು. ಗಂಡನ ಅಣ್ಣತಮ್ಮಂದಿರನ್ನು ಮದುವೆಯಾಗುವುದು ಅವರ ಧರ್ಮಶಾಸ್ತ್ರದಲ್ಲಿ ರಕ್ತಸಂಬಂಧದೊಳಗೆ ಮದುವೆಯಾದಷ್ಟೇ ಪಾಪ. ಇಂಗ್ಲೆಂಡಿನ ಎಂಟನೆಯ ಹೆನ್ರಿ ತನ್ನ ಅಣ್ಣನ ವಿಧವೆ ಕ್ಯಾಥರೀನ್‌ಳನ್ನು 1509ರಲ್ಲಿ ಮದುವೆಯಾಗಿದ್ದ. ಆ ಮದುವೆ ಧರ್ಮಬಾಹಿರ ಎಂಬ ನೆವದ ಮೇಲೇ 1533ರಲ್ಲಿ ಅದನ್ನು ಅಸಿಂಧು ಮಾಡಿಸಿದ. ಅದೇ ವರ್ಷ ಇನ್ನೊಬ್ಬ ಹೆಂಡತಿಯಲ್ಲಿ ಹುಟ್ಟಿದ ಮಗಳೇ ಎಲಿಜಬೆತ್. ಅಂದರೆ ಈ ನಾಟಕ ಬರೆಯುವ ಹೊತ್ತಿಗೆ ಸಿಂಹಾಸನದ ಮೇಲಿದ್ದ ರಾಣಿಯ ಹುಟ್ಟಿನ ನ್ಯಾಯವೇ, ಇಂಥ ಮದುವೆ ಮದುವೆಯೇ ಅಲ್ಲ ಎಂಬ ವಾದದ ಮೇಲೆ ನಿಂತಿತ್ತು. ಹ್ಯಾಮ್ಲೆಟ್‌ನ ಸಿಟ್ಟು ಅವರಿಗೆ ನಮಗಿಂತ ಹತ್ತಿರದ್ದು.

ಸರಿ, ಧರ್ಮಶಾಸ್ತ್ರ ಹಾಗಿರಲಿ. ಮಗನ ಮನಸ್ಸು ಹೇಗೆ ಕೆಲಸ ಮಾಡುತ್ತದೆ ಅಂತ ಅವನ ಪಂಚಾಂಗದಲ್ಲಿ ನೋಡಿ. ಮೊದಲ ಅಂಕದ ಸ್ವಗತದಲ್ಲಿ ಅಪ್ಪ ಸತ್ತು ‘ಎರಡು ತಿಂಗಳು’ ಎನ್ನುತ್ತಾನೆ. ಮಾತು ಮುಗಿಸುವ ಮೊದಲೇ ‘ಇಲ್ಲ, ಅಷ್ಟೂ ಆಗಿಲ್ಲ’ ಎನ್ನುತ್ತಾನೆ. ಕೆಲವು ಸಾಲು ದಾಟುವಷ್ಟರಲ್ಲಿ ‘ಒಂದು ತಿಂಗಳೊಳಗೆ’. ಹೆಣದ ಹಿಂದೆ ಅಳುತ್ತಾ ನಡೆದಾಗ ತೊಟ್ಟಿದ್ದ ಚಪ್ಪಲಿ ಇನ್ನೂ ಸವೆದಿಲ್ಲ ಎನ್ನುತ್ತಾನೆ. ಈ ಚಪ್ಪಲಿಯ ಮಾತು ನನಗೆ ಇಡೀ ಸ್ವಗತಕ್ಕಿಂತ ದೊಡ್ಡದು. ದುಃಖದಲ್ಲಿದ್ದ ಹುಡುಗ ತಲೆ ತಗ್ಗಿಸಿ ನಡೆಯುತ್ತಿದ್ದ. ಅವನ ಕಣ್ಣಿಗೆ ಕಂಡದ್ದು ಮುಂದೆ ಹೋಗುತ್ತಿದ್ದ ಅಮ್ಮನ ಕಾಲು. ಅದು ಅಲ್ಲೇ ಅಚ್ಚೊತ್ತಿ ಉಳಿಯಿತು. ಮೂರನೆಯ ಅಂಕಕ್ಕೆ ಬಂದರೆ ಅಪ್ಪ ಸತ್ತು ‘ಎರಡು ಗಂಟೆಯಾಗಿಲ್ಲ’ ಎನ್ನುತ್ತಾನೆ. ಪಕ್ಕದಲ್ಲಿ ಕೂತ, ಅವನು ಪ್ರೀತಿಸಿದ್ದ ಹುಡುಗಿ ಒಫೀಲಿಯಾ ಮೆಲ್ಲಗೆ ತಿದ್ದುತ್ತಾಳೆ: ‘ಇಲ್ಲ ಸ್ವಾಮಿ, ಎರಡೆರಡು ತಿಂಗಳು.’ ನಾಲ್ಕು ತಿಂಗಳಾಗಿದೆ! ಲೋಕದಲ್ಲಿ ಕಾಲ ಮುಂದೆ ಹೋಗುತ್ತಿದೆ, ಮಗನಲ್ಲಿ ಹಿಂದಕ್ಕೆ ಹೋಗುತ್ತಿದೆ. ತಾಯಿಯ ತಪ್ಪು ದಿನ ಕಳೆದಂತೆ ಹಳತಾಗುವುದಿಲ್ಲ, ಪ್ರತಿದಿನ ಹೊಸದಾಗುತ್ತದೆ.

ಇನ್ನೊಂದನ್ನು ದಯವಿಟ್ಟು ಗಮನಿಸಿ. ಆ ಸ್ವಗತ ಬರುವುದು ಅವನು ಪ್ರೇತವನ್ನು ನೋಡುವ ಮುಂಚೆ. ಅಪ್ಪನನ್ನು ಕೊಂದರು ಎಂಬುದು ಅವನಿಗಿನ್ನೂ ಗೊತ್ತಿಲ್ಲ. ಆಗಲೇ ಈ ಮಾಂಸ ಕರಗಿ ನೀರಾಗಿಹೋಗಬಾರದೆ ಎನ್ನುತ್ತಿದ್ದಾನೆ, ಆತ್ಮಹತ್ಯೆಗೆ ದೇವರ ಅಡ್ಡಿಯಿದೆಯಲ್ಲ ಎಂದು ಹಲುಬುತ್ತಿದ್ದಾನೆ. ಮೊದಲ ಗಾಯ ತಾಯಿಯದು, ಕೊಲೆ ಆಮೇಲಿನದು. ನಮ್ಮಲ್ಲಿ ಹೆಚ್ಚಿನವರು ಈ ನಾಟಕವನ್ನು ಸೇಡಿನ ಕಥೆ ಎಂದು ಓದಿ, ಇವನೇಕೆ ಇಷ್ಟು ತಡಮಾಡುತ್ತಾನೆ ಎಂದು ಕೇಳುತ್ತಾರೆ. ಪ್ರೇತ ಬಂದಾಗ ಅವನಿಗೆ ಒಂದು ಥರ ಅನುಕೂಲವೇ ಆಯಿತು ಎಂದರೆ ನೀವು ಬೇಸರ ಮಾಡಿಕೊಳ್ಳಬಾರದು. ಅಪ್ಪನ ಕೊಲೆಗೆ ಮಗನಿಗೆ ಒಂದು ಕೆಲಸ ಸಿಗುತ್ತದೆ. ಕತ್ತಿ ಹಿಡಿ, ಕೊಲೆಗಾರನನ್ನು ಕೊಲ್ಲು. ಅದಕ್ಕೆ ಹಾದಿ ಸವೆದಿದೆ, ನೂರಾರು ಕಥೆಗಳಲ್ಲಿ ಗಂಡುಮಕ್ಕಳು ಅದೇ ಹಾದಿಯಲ್ಲಿ ನಡೆದಿದ್ದಾರೆ. ಅಮ್ಮನ ತಪ್ಪಿಗೆ ಏನು ಮಾಡಬೇಕು? ಅದಕ್ಕೆ ಹಾದಿಯೇ ಇಲ್ಲ. ಪ್ರೇತ ಕೂಡ ಕೈ ಕಟ್ಟಿಹಾಕುತ್ತದೆ: ತಾಯಿಗೆ ಏನೂ ಮಾಡಬೇಡ, ಅವಳನ್ನು ದೇವರಿಗೆ ಬಿಡು, ಅವಳೆದೆಯಲ್ಲಿರುವ ಮುಳ್ಳುಗಳಿಗೆ ಬಿಡು.

ಬಿಡು ಎಂದರೆ ಬಿಡಲಾಗುತ್ತದೆಯೆ? ಸಿಟ್ಟು ಅಲ್ಲೇ ಇದೆ, ಗುರಿಯಿಲ್ಲ. ಎಲ್ಲಿಗೆ ಹೋಗುತ್ತದೆ ನೋಡಿ. ಒಬ್ಬ ಹೆಂಗಸಿನ ಮೇಲಿನ ಸಿಟ್ಟು ಅದೇ ಸ್ವಗತದಲ್ಲಿ ಹೆಣ್ಣುಜಾತಿಯ ಮೇಲೆ ತಿರುಗುತ್ತದೆ. ‘ಚಂಚಲತೆಯೇ, ನಿನ್ನ ಹೆಸರು ಹೆಣ್ಣು’ ಎಂದು ಒಂದು ತಪ್ಪಿನಿಂದ ಒಂದು ವ್ಯಾಖ್ಯೆಯನ್ನೇ ಮಾಡಿಕೊಳ್ಳುತ್ತಾನೆ. ಅಲ್ಲಿಂದ ನೇರ ಒಫೀಲಿಯಾ. ಅವಳು ಮಾಡಿದ್ದು ಅಪ್ಪ ಹೇಳಿದಂತೆ ಪ್ರೇಮಪತ್ರ ಹಿಂದಿರುಗಿಸಿದ್ದು. ಅದಕ್ಕೆ ಅವನ ಉತ್ತರ ‘ಸನ್ಯಾಸಿನಿಯರ ಮಠಕ್ಕೆ ಹೋಗು, ಪಾಪಿಗಳನ್ನು ಯಾಕೆ ಹೆರುತ್ತೀಯ?’ ಹೆರುವ ಮಾತು ಎಲ್ಲಿಂದ ಬಂತು! ಆ ಹುಡುಗಿಯ ಮುಂದೆ ನಿಂತು ಅವನು ಮಾತಾಡುತ್ತಿರುವುದು ತನ್ನನ್ನು ಹೆತ್ತವಳ ಜೊತೆ.

ಇಲ್ಲಿ ಸ್ವಲ್ಪ ದಾರಿ ಬಿಡುತ್ತೇನೆ, ಯಾಕೆಂದರೆ ಇದು ಡೆನ್ಮಾರ್ಕಿನ ರಾಜಕುಮಾರನೊಬ್ಬನ ಕಾಯಿಲೆಯಲ್ಲ. ಮಹಾಭಾರತದ ಯುದ್ಧ ಮುಗಿದಿದೆ. ಸತ್ತವರಿಗೆ ತರ್ಪಣ ಬಿಡುತ್ತಿದ್ದಾರೆ. ಕುಂತಿ ಬಂದು, ಕರ್ಣನಿಗೂ ನೀರು ಬಿಡಿ, ಅವನು ನಿಮ್ಮ ಅಣ್ಣ ಎನ್ನುತ್ತಾಳೆ. ಧರ್ಮರಾಯ ಕುಸಿಯುತ್ತಾನೆ. ಆಮೇಲೆ ಏನು ಮಾಡುತ್ತಾನೆ? ಅಮ್ಮನಿಗೆ ಶಿಕ್ಷೆ ಕೊಡಲಾಗುವುದಿಲ್ಲ. ಹಾಗಾಗಿ ಲೋಕದ ಹೆಂಗಸರಿಗೆಲ್ಲ ಶಾಪ ಕೊಡುತ್ತಾನೆ: ಇನ್ನು ಮುಂದೆ ಹೆಂಗಸರ ಮನಸ್ಸಿನಲ್ಲಿ ಗುಟ್ಟು ನಿಲ್ಲದಿರಲಿ! ನಾವು ಚಿಕ್ಕವರಿದ್ದಾಗ ಇದನ್ನು ನಗೆಚಾಟಿಕೆಯ ಕಥೆಯಾಗಿ ಕೇಳಿದ್ದೇವೆ. ನಗುವಂಥದ್ದೇನಿಲ್ಲ. ಧರ್ಮವನ್ನೇ ಹೆಸರಾಗಿ ಉಳ್ಳವನು, ನ್ಯಾಯಕ್ಕೆ ಕೂದಲೆಳೆ ಸೀಳುವವನು, ಅವನು ಕೂಡ ಹ್ಯಾಮ್ಲೆಟ್ ಮಾಡಿದ್ದನ್ನೇ ಮಾಡಿದ. ತಾಯಿಯ ತಪ್ಪನ್ನು ತಾಯಿಯ ತಪ್ಪಾಗಿ ಇಟ್ಟುಕೊಳ್ಳಲು ಆಗದೆ ಎಲ್ಲ ಹೆಂಗಸರಿಗೂ ಹಂಚಿಬಿಟ್ಟ.

ಇದಕ್ಕೆ ವಿರುದ್ಧವಾದ ಉದಾಹರಣೆಯೊಂದಿದೆ, ಬೇಗ ಹೇಳಿ ಮುಗಿಸುತ್ತೇನೆ. ಗ್ರೀಕ್ ನಾಟಕಕಾರ ಈಸ್ಕಿಲಸ್‌ನ ಒರೆಸ್ಟಿಯಾ ಎಂಬ ಮೂರು ನಾಟಕಗಳ ಮಾಲೆ, ಕ್ರಿಸ್ತಪೂರ್ವ 458. ಅಲ್ಲಿ ಕ್ಲೈಟಮ್ನೆಸ್ಟ್ರಾ ತನ್ನ ಗಂಡನನ್ನು ತಾನೇ ಕೊಂದಿದ್ದಾಳೆ, ಒಪ್ಪಿಕೊಂಡೂ ಇದ್ದಾಳೆ. ಗಂಡ ಅವಳ ಮಗಳನ್ನು ಬಲಿ ಕೊಟ್ಟಿದ್ದ, ಆ ಲೆಕ್ಕ ಬೇರೆ. ಮಗ ಒರೆಸ್ಟಿಸ್‌ಗೆ ದೇವರೇ ಕೆಲಸ ಕೊಟ್ಟಿದ್ದಾನೆ, ತಾಯಿಯನ್ನು ಕೊಲ್ಲು ಅಂತ. ಕತ್ತಿ ಎತ್ತಿದಾಗ ಅವಳು ಎದೆ ತೋರಿಸುತ್ತಾಳೆ, ಈ ಮೊಲೆಹಾಲು ಕುಡಿದು ಬೆಳೆದೆಯಲ್ಲೋ ಮಗನೆ ಎನ್ನುತ್ತಾಳೆ. ಅವನು ಅಲುಗಾಡಿ ಹೋಗಿ ಪಕ್ಕದಲ್ಲಿದ್ದ ಗೆಳೆಯ ಪಿಲಡೀಸ್‌ನನ್ನು ‘ಏನು ಮಾಡಲಿ?’ ಎಂದು ಕೇಳುತ್ತಾನೆ. ನಾಟಕದುದ್ದಕ್ಕೂ ಬಾಯಿಬಿಡದ ಪಿಲಡೀಸ್ ಮೂರೇ ಸಾಲು ಮಾತಾಡುತ್ತಾನೆ, ದೇವರ ಮಾತು ಮರೆಯಬೇಡ ಅಂತ. ಕೊಲೆ ಆಗುತ್ತದೆ.

ಆದರೆ ಈಸ್ಕಿಲಸ್ ಎಂಥ ಕಿಲಾಡಿ ನೋಡಿ. ಅದಕ್ಕೆ ಸ್ವಲ್ಪ ಮುಂಚೆ ಒಬ್ಬ ಮುದುಕಿ ದಾದಿಯನ್ನು ರಂಗಕ್ಕೆ ತರುತ್ತಾನೆ. ಒರೆಸ್ಟಿಸ್ ಸತ್ತ ಎಂಬ ಸುಳ್ಳು ಸುದ್ದಿ ಕೇಳಿ ಅವಳು ಅಳುತ್ತಿದ್ದಾಳೆ. ಏನೆಂದು ಅಳುತ್ತಾಳೆ? ಎಷ್ಟು ರಾತ್ರಿ ಎದ್ದು ಕೂತೆ. ಮಗುವಿಗೆ ಮಾತು ಬರುವುದಿಲ್ಲ, ಹಸಿವೆಯೋ, ಬಾಯಾರಿಕೆಯೋ, ಉಚ್ಚೆಯೋ ನಾನೇ ಊಹಿಸಬೇಕು. ಊಹೆ ತಪ್ಪಿದಾಗ ಬಟ್ಟೆ ಒಗೆದೆ, ಸಾಕುವವಳೂ ನಾನೇ ಅಗಸಗಿತ್ತಿಯೂ ನಾನೇ. ರುದ್ರನಾಟಕದ ನಟ್ಟನಡುವೆ ಮಗುವಿನ ಉಚ್ಚೆಬಟ್ಟೆ! ಇದನ್ನು ಕೇಳಿದ ಪ್ರೇಕ್ಷಕ ಆಮೇಲೆ ಕ್ಲೈಟಮ್ನೆಸ್ಟ್ರಾ ಎದೆ ತೋರಿಸಿದಾಗ ಏನೆಂದುಕೊಳ್ಳುತ್ತಾನೆ? ಹಾಲು ಕೊಟ್ಟವಳು ನೀನಾ? ತಾಯ್ತನದ ಹಕ್ಕನ್ನು ಅವನು ವಾದದಿಂದ ಮುರಿಯಲಿಲ್ಲ, ಒಂದು ಒಗೆಯುವ ಬಟ್ಟೆಯಿಂದ ಮುರಿದ. ಮುಂದಿನ ನಾಟಕದಲ್ಲಿ ಆ ಕೆಲಸ ಕೊಟ್ಟ ದೇವರು ಅಪೊಲೊ, ಹೆತ್ತವಳು ಹೆತ್ತವಳೇ ಅಲ್ಲ, ತಂದೆಯ ಬೀಜ ಕಾಯುವವಳಷ್ಟೇ ಎಂದು ವಕೀಲಿ ಮಾಡುತ್ತಾನಲ್ಲ, ಅದು ಆ ದಾದಿಯ ಅಳುವಿನ ಮುಂದೆ ಬಹಳ ಸಪ್ಪೆ.

ಒರೆಸ್ಟಿಸ್‌ಗೆ ಕೆಲಸವಿತ್ತು, ಮಾಡಿದ, ಮಾಡಿ ಹುಚ್ಚನಾಗಿ ಓಡಿದ. ಹ್ಯಾಮ್ಲೆಟ್‌ಗೆ ಆ ಕೆಲಸ ಇಲ್ಲ, ಆದರೆ ಭಯ ಇದೆ. ತಾಯಿಯ ಕೋಣೆಗೆ ಹೊರಡುವಾಗ, ನೀರೋನ ಆತ್ಮ ನನ್ನೊಳಗೆ ಬರದಿರಲಿ ಎನ್ನುತ್ತಾನೆ. ಯಾಕೆ ನೀರೋ? ರೋಮಿನ ಚಕ್ರವರ್ತಿ ನೀರೋ ತನ್ನ ತಾಯಿ ಅಗ್ರಿಪ್ಪೀನಾಳನ್ನು ಕೊಲ್ಲಿಸಿದವನು. ಆ ಅಗ್ರಿಪ್ಪೀನಾ ಮದುವೆಯಾಗಿದ್ದು ತನ್ನ ಸ್ವಂತ ಚಿಕ್ಕಪ್ಪನನ್ನು. ಆ ಚಿಕ್ಕಪ್ಪನ ಹೆಸರು? ಕ್ಲಾಡಿಯಸ್. ಷೇಕ್ಸ್‌ಪಿಯರ್ ಹೆಸರಿಡುವಾಗ ನಿದ್ದೆಗಣ್ಣಿನಲ್ಲಿರಲಿಲ್ಲ. ‘ಮಾತಿನಲ್ಲಿ ಚೂರಿ ಹಾಕುತ್ತೇನೆ, ಕೈಯಲ್ಲಿ ಹಿಡಿಯುವುದಿಲ್ಲ’ ಎಂದು ತನಗೆ ತಾನೇ ಹೇಳಿಕೊಂಡು ಹೊರಡುತ್ತಾನೆ.

ದಾರಿಯಲ್ಲಿ ಕ್ಲಾಡಿಯಸ್ ಒಬ್ಬನೇ ಮಂಡಿಯೂರಿ ಪ್ರಾರ್ಥನೆಗೆ ಕೂತಿದ್ದಾನೆ. ಬೆನ್ನಿಗೆ ಯಾರೂ ಇಲ್ಲ. ಹ್ಯಾಮ್ಲೆಟ್ ಕತ್ತಿ ಹಿರಿಯುತ್ತಾನೆ, ನಿಲ್ಲುತ್ತಾನೆ. ಪ್ರಾರ್ಥಿಸುವಾಗ ಕೊಂದರೆ ಸ್ವರ್ಗಕ್ಕೆ ಹೋಗುತ್ತಾನೆ, ಬೇಡ ಎಂದು ಲೆಕ್ಕ ಹಾಕುತ್ತಾನೆ. ಈ ಲೆಕ್ಕದ ಮೇಲೆ ಪುಟಗಟ್ಟಲೆ ವಿಮರ್ಶೆ ಬಂದಿದೆ. ನನಗೆ ಮುಖ್ಯ ಅನ್ನಿಸುವುದು ಅದರ ಕೊನೆಯಲ್ಲಿ ಬರುವ ಪುಟ್ಟ ಮಾತು: ‘ಅಮ್ಮ ಕಾಯುತ್ತಿದ್ದಾಳೆ.’ ಕೊಲೆಗಾರ ಕೈಗೆ ಸಿಕ್ಕಿದ್ದಾನೆ, ಅಪ್ಪನ ಋಣ ಒಂದು ಏಟಿನಲ್ಲಿ ತೀರುತ್ತದೆ, ಮಗ ಕತ್ತಿ ಒಳಗಿಟ್ಟು ಅಮ್ಮನ ಕೋಣೆಗೆ ಹೋಗುತ್ತಾನೆ. ಅವನಿಗೆ ನಿಜವಾಗಿ ಯಾವ ವ್ಯಾಜ್ಯ ಮುಗಿಸಬೇಕಿತ್ತು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಆ ಕೋಣೆಯ ದೃಶ್ಯ. ಇತ್ತೀಚಿನ ಪ್ರಯೋಗಗಳಲ್ಲಿ ಅಲ್ಲೊಂದು ದೊಡ್ಡ ಮಂಚ ಇಡುತ್ತಾರೆ. ಮೂಲದಲ್ಲಿ ಮಂಚವಿಲ್ಲ, ಅದು ರಾಣಿಯ ಖಾಸಗಿ ಕೋಣೆ ಅಷ್ಟೆ. ಮಂಚ ಬಂದದ್ದು, ಮಗನಿಗೆ ತಾಯಿಯ ಮೇಲೆ ಒಳಗೊಳಗೇ ಕಾಮವಿರುತ್ತದೆ ಎಂದ ಮನೋವಿಶ್ಲೇಷಕ ಫ್ರಾಯ್ಡ್ ಬಂದ ಮೇಲೆ. 1948ರ ಸಿನಿಮಾದಲ್ಲಿ ಒಲಿವಿಯರ್ ಹ್ಯಾಮ್ಲೆಟ್ ಆಗಿ ನಟಿಸಿದಾಗ ತಾಯಿಯಾಗಿದ್ದ ಐಲೀನ್ ಹರ್ಲಿ ಅವನಿಗಿಂತ ಹನ್ನೊಂದು ವರ್ಷ ಚಿಕ್ಕವಳು. ಮಗನಿಗಿಂತ ತಾಯಿ ಚಿಕ್ಕವಳಾದರೆ ಆ ದೃಶ್ಯ ಎತ್ತ ವಾಲುತ್ತದೆ ಎಂದು ಬೇರೆ ಹೇಳಬೇಕಿಲ್ಲ. ನನಗೆ ಆ ಓದು ಒಗ್ಗುವುದಿಲ್ಲ. ಮಗನಿಗೆ ತಾಯಿ ಬೇಕಾಗಿದ್ದಾಳೆ ಎಂಬುದು ಸರಿ, ಆದರೆ ತಾಯಿಯಾಗಿ ಬೇಕಾಗಿದ್ದಾಳೆ. ಇದನ್ನು ಅರ್ಥಮಾಡಿಕೊಳ್ಳಲು ಮಂಚ ಬೇಡ.

ಅಲ್ಲಿ ನಡೆಯುವುದನ್ನು ಸಾವಧಾನವಾಗಿ ನೋಡಿ. ಪರದೆಯ ಹಿಂದೆ ಅವಿತಿದ್ದ ಪೊಲೋನಿಯಸ್‌ನನ್ನು, ಯಾರೆಂದು ನೋಡದೆ, ಮಗ ಇರಿದು ಕೊಂದಿದ್ದಾನೆ. ಹೆಣ ನೆಲದ ಮೇಲೆ ಬಿದ್ದಿದೆ. ಅದನ್ನು ಅಲ್ಲೇ ಬಿಟ್ಟು ಎರಡು ಚಿತ್ರಗಳನ್ನು ತಾಯಿಗೆ ತೋರಿಸಿ, ಇದು ನಿನ್ನ ಗಂಡನಾಗಿದ್ದವನು, ಇದು ಈಗಿನವನು, ನಿನಗೆ ಕಣ್ಣಿದೆಯೆ ಎಂದು ಪಾಠ ಹೇಳುತ್ತಾನೆ. ಕೈಗೆ ಹಸಿ ರಕ್ತ ಮೆತ್ತಿಕೊಂಡವನು ಶೀಲದ ಬಗ್ಗೆ ಉಪದೇಶ ಮಾಡುತ್ತಿದ್ದಾನೆ! ತಾಯಿಯ ತಪ್ಪು ಮಗನಿಗೆ ಮಾಡುವ ದೊಡ್ಡ ಅನ್ಯಾಯ ಯಾವುದು ಎಂದು ಕೇಳಿದರೆ ನಾನು ಇದನ್ನು ತೋರಿಸುತ್ತೇನೆ. ಅದು ಅವನನ್ನು ನ್ಯಾಯಾಧೀಶನನ್ನಾಗಿ ಮಾಡುತ್ತದೆ. ಒಮ್ಮೆ ಆ ಪೀಠ ಹತ್ತಿದವನಿಗೆ ತನ್ನ ಕಾಲಬುಡದ ಹೆಣ ಕಾಣುವುದಿಲ್ಲ. ಪೊಲೋನಿಯಸ್ ಒಫೀಲಿಯಾಳ ಅಪ್ಪ. ಆ ಸಾವಿನಿಂದ ಅವಳ ಹುಚ್ಚು, ಹುಚ್ಚಿನಿಂದ ಅವಳ ಸಾವು, ಅದರಿಂದ ಅವಳ ಅಣ್ಣನ ಸೇಡು, ವಿಷದ ಕತ್ತಿ. ತಾಯಿಯನ್ನು ತಿದ್ದಲು ಹೋದ ಹತ್ತು ನಿಮಿಷದಲ್ಲಿ ಅವನ ಸ್ವಂತ ಸಾವಿನ ನೂಲು ಗಂಟುಬೀಳುತ್ತದೆ.

ತಾಯಿಯಾದರೂ ಏನೆನ್ನುತ್ತಾಳೆ? ‘ನನ್ನ ಕಣ್ಣನ್ನು ನನ್ನ ಒಳಕ್ಕೇ ತಿರುಗಿಸಿದೆ, ಅಲ್ಲಿ ತೊಳೆದರೂ ಹೋಗದ ಕಪ್ಪು ಕಲೆಗಳಿವೆ’ ಎನ್ನುತ್ತಾಳೆ. ಎಲಿಯಟ್‌ಗೆ ಅವಳು ಚಿಕ್ಕವಳಾಗಿ ಕಂಡಿರಬಹುದು. ಆದರೆ ಅದಕ್ಕೂ ಎಷ್ಟೋ ಮುಂಚೆ, ಎರಡನೆಯ ಅಂಕದಲ್ಲೇ, ಮಗನ ಹುಚ್ಚಿಗೆ ಕಾರಣವೇನೆಂದು ಆಸ್ಥಾನದವರೆಲ್ಲ ತಲೆ ಕೆಡಿಸಿಕೊಳ್ಳುವಾಗ ಇವಳು ಒಂದೇ ಮಾತಿನಲ್ಲಿ ಮುಗಿಸಿದ್ದಳು: ಅವನ ಅಪ್ಪನ ಸಾವು, ‘ನಮ್ಮ ಅತಿ ಅವಸರದ ಮದುವೆ’. ಯಾರೂ ಕೇಳಿರಲಿಲ್ಲ, ಅವಳೇ ಹೇಳಿದಳು, ಅದೂ ಹೊಸ ಗಂಡನ ಎದುರಿಗೆ. ತನ್ನ ತಪ್ಪನ್ನು ಹೆಚ್ಚೂ ಮಾಡದೆ ಕಡಿಮೆಯೂ ಮಾಡದೆ ಹೇಳಿದ ಮಾತು ಇಡೀ ನಾಟಕದಲ್ಲಿ ಅದೊಂದೇ ಇರಬೇಕು. ಮಗ ಅಲ್ಲಿರಲಿಲ್ಲ. ಕೇಳಿಸಿಕೊಂಡಿದ್ದರೆ ಏನಾದರೂ ಬದಲಾಗುತ್ತಿತ್ತೋ, ಗೊತ್ತಿಲ್ಲ.

ಮತ್ತೆ ಕುಂತಿಗೆ ಬರುತ್ತೇನೆ, ಯಾಕೆಂದರೆ ಅವಳ ಮಗ ಕೇಳಿಸಿಕೊಂಡ. ಉದ್ಯೋಗಪರ್ವದಲ್ಲಿ ಕರ್ಣ ಗಂಗೆಯ ದಡದಲ್ಲಿ ಪೂರ್ವಕ್ಕೆ ಮುಖ ಮಾಡಿ ಜಪಕ್ಕೆ ನಿಂತಿದ್ದಾನೆ. ಕುಂತಿ ಹಿಂದೆ ಬಂದು ನಿಲ್ಲುತ್ತಾಳೆ. ಬಿಸಿಲು. ಒಣಗಿದ ತಾವರೆಯ ಮಾಲೆಯಂತೆ ಬಾಡಿ, ಮಗನ ಉತ್ತರೀಯದ ನೆರಳಿನಲ್ಲಿ ನಿಂತಳು ಎನ್ನುತ್ತಾನೆ ವ್ಯಾಸ. ಸುಡುತ್ತಿರುವವನು ಯಾರು? ಸೂರ್ಯ, ಆ ಮಗುವಿನ ಅಪ್ಪ. ನೆರಳು ಯಾರದು? ನೀರಿಗೆ ಬಿಟ್ಟ ಮಗನದು, ಅದೂ ಅವನಿಗೇ ಗೊತ್ತಿಲ್ಲದೆ ಕೊಟ್ಟದ್ದು. ಬೆನ್ನು ಕಾಯುವಷ್ಟು ಹೊತ್ತು ಜಪ ಮಾಡಿ ಅವನು ತಿರುಗುತ್ತಾನೆ, ಅವಳು ನಿಂತಿದ್ದಾಳೆ. ಅಲ್ಲೂ ಅಮ್ಮ ಕಾಯುತ್ತಿದ್ದಳು ನೋಡಿ.

ಅವಳು ಸತ್ಯ ಹೇಳುತ್ತಾಳೆ, ತಮ್ಮಂದಿರ ಕಡೆಗೆ ಬಾ ಎನ್ನುತ್ತಾಳೆ. ಕರ್ಣ ಬಯ್ಯದೆ ಬಿಡುವುದಿಲ್ಲ. ನೀನು ಮಾಡಿದಷ್ಟು ಕೇಡನ್ನು ಯಾವ ಶತ್ರು ಮಾಡಿಯಾನು, ತಾಯಿಯಂತೆ ನನ್ನ ಹಿತ ಎಂದೂ ನೋಡದವಳು ಇವತ್ತು ನಿನ್ನ ಹಿತಕ್ಕೆ ಬಂದೆ ಎನ್ನುತ್ತಾನೆ. ಇದು ಹ್ಯಾಮ್ಲೆಟ್‌ನ ಚೂರಿಗಿಂತ ಹರಿತ. ಆದರೆ ಬೈದ ಮೇಲೆ ಅವಳನ್ನು ಬರಿಗೈಯಲ್ಲಿ ಕಳಿಸುವುದಿಲ್ಲ. ಅರ್ಜುನನೊಬ್ಬನನ್ನು ಬಿಟ್ಟು ಉಳಿದವರನ್ನು ಕೊಲ್ಲುವುದಿಲ್ಲ, ನಿನಗೆ ಐವರು ಮಕ್ಕಳು ಐವರಾಗಿಯೇ ಉಳಿಯುತ್ತಾರೆ ಎನ್ನುತ್ತಾನೆ. ತಾಯಿಯ ತಪ್ಪು ಇಷ್ಟು ಎಂದು ಮುಖಕ್ಕೆ ಹೇಳಿದ, ಅವಳ ಪಾಲು ಇಷ್ಟು ಎಂದು ಕೈಗೆ ಕೊಟ್ಟ. ಎಲ್ಲ ಹೆಂಗಸರ ಮೇಲೆ ಹಾಕಲಿಲ್ಲ. ನಾನು ಓದಿರುವ ಇಂಥ ಮಕ್ಕಳಲ್ಲಿ ಇದು ಸಾಧ್ಯವಾದದ್ದು ಇವನಿಗೊಬ್ಬನಿಗೆ. ಅದರ ಬೆಲೆಯನ್ನು ಅವನು ರಣರಂಗದಲ್ಲಿ ತೆತ್ತ.

ಹ್ಯಾಮ್ಲೆಟ್‌ಗೆ ತಾಯಿ ಸಿಗುವುದು ಕೊನೆಯ ದೃಶ್ಯದಲ್ಲಿ. ಒಫೀಲಿಯಾಳ ಅಣ್ಣನ ಜೊತೆ ಕತ್ತಿವರಸೆ ನಡೆಯುತ್ತಿದೆ. ಮಗನಿಗೆಂದು ಕ್ಲಾಡಿಯಸ್ ವಿಷ ಬೆರೆಸಿಟ್ಟ ಬಟ್ಟಲು ಪಕ್ಕದಲ್ಲಿದೆ. ಗರ್ಟ್ರೂಡ್ ಮಗನ ಬೆವರು ಒರೆಸಿಕೊಳ್ಳಲು ತನ್ನ ಕರವಸ್ತ್ರ ಕೊಡುತ್ತಾಳೆ, ಅವನ ಗೆಲುವಿಗೆಂದು ಬಟ್ಟಲು ಎತ್ತುತ್ತಾಳೆ. ಕ್ಲಾಡಿಯಸ್ ‘ಗರ್ಟ್ರೂಡ್, ಕುಡಿಯಬೇಡ’ ಎನ್ನುತ್ತಾನೆ. ‘ಕುಡಿಯುತ್ತೇನೆ ಸ್ವಾಮಿ, ಕ್ಷಮಿಸಿ’ ಎನ್ನುತ್ತಾಳೆ. ಅವಳಿಗೆ ವಿಷದ ಸುಳಿವಿತ್ತು ಎಂದು ಕೆಲವು ನಟಿಯರು ಅಭಿನಯಿಸುತ್ತಾರೆ. ನನಗೆ ಅದು ಬೇಕಿಲ್ಲ. ಗಂಡ ಬೇಡ ಎಂದದ್ದನ್ನು ನಮ್ಮ ಕಣ್ಣೆದುರು ಅವಳು ಹೀಗೆ ನೇರವಾಗಿ ಮೀರುವುದು ಇದೊಂದೇ ಸಲ, ಮೀರುವುದು ಮಗನಿಗಾಗಿ. ಮಗನೊಳಗೆ ಇಳಿಯಬೇಕಿದ್ದ ವಿಷ ಅವಳೊಳಗೆ ಇಳಿಯುತ್ತದೆ. ‘ಬಟ್ಟಲು, ಬಟ್ಟಲು, ನನಗೆ ವಿಷ ಬಿದ್ದಿದೆ’ ಎಂದು ಕೂಗಿ ಸಾಯುತ್ತಾಳೆ. ಎಚ್ಚರಿಕೆಯ ಆ ಕೂಗಿಗೆ ಮುಂಚಿನ ಮಾತು ‘ನನ್ನ ಮುದ್ದು ಹ್ಯಾಮ್ಲೆಟ್’.

ಐದು ಅಂಕ ತಡಮಾಡಿದವನು ಆಮೇಲೆ ಒಂದು ಕ್ಷಣವೂ ತಡಮಾಡುವುದಿಲ್ಲ. ಕ್ಲಾಡಿಯಸ್‌ಗೆ ಕತ್ತಿ ತಿವಿಯುತ್ತಾನೆ, ಉಳಿದ ವಿಷವನ್ನು ಅವನ ಬಾಯಿಗೇ ಸುರಿಯುತ್ತಾನೆ. ಸುರಿಯುವಾಗ ಆಡುವ ಮಾತಿನಲ್ಲಿ ಅಪ್ಪನ ಹೆಸರಿಲ್ಲ, ಪ್ರೇತದ ಸುದ್ದಿಯಿಲ್ಲ, ಕೊಟ್ಟ ವಚನದ ನೆನಪಿಲ್ಲ. ‘ನನ್ನ ಅಮ್ಮನ ಹಿಂದೆ ಹೋಗು’ ಎನ್ನುತ್ತಾನೆ.